ಸೇತುವೆ ಕೆಳಗಿನ ಹದಿನಾಲ್ಕು ಹೆಜ್ಜೆ

ದಿಂಡಿಗಲ್

ನಾರ್ವೆಗೆ ಹೊರಡುವ ಮುಂಚೆ ಪೆಟ್ಟಿಗೆಗೆ ಎರಡು ಬೀಗ ಹಾಕಿದೆ. ಬೀಗ ತಯಾರಿಕೆಗೆ ಹೆಸರಾದ ದಿಂಡಿಗಲ್‌ನಲ್ಲಿ ಮನೆ ಮಾಡಿಕೊಂಡು ಬೀಗದ ವಿಷಯದಲ್ಲಿ ಜಿಪುಣತನ ತೋರಿಸಿದರೆ ಊರು ಮೆಚ್ಚುವುದಿಲ್ಲ. ನಾರ್ವೆಯಲ್ಲಿ ನಾನು ಇಳಿದುಕೊಂಡ ಮನೆಯ ಮುಂಬಾಗಿಲಿಗೆ ಬೀಗವೇ ಇರಲಿಲ್ಲ. ಮೊದಲ ರಾತ್ರಿ ಬಾಗಿಲಿಗೆ ಕುರ್ಚಿ ಒತ್ತರಿಸಿ ಮಲಗಿದೆ. ಬೆಳಿಗ್ಗೆ ಮನೆಯೊಡತಿ ಆ ಕುರ್ಚಿಯನ್ನು ನೋಡಿ ಏನೂ ಕೇಳದೆ ಅದರ ಜಾಗಕ್ಕೆ ಇಟ್ಟರು.

ನಾನು ಸೇತುವೆ ಎಂಜಿನಿಯರ್. ಹುಟ್ಟಿದ್ದು ಕಂಬಂ ಕಣಿವೆಯ ಕಾಮಯಗೌಂಡನ್‌ಪಟ್ಟಿಯಲ್ಲಿ, ದ್ರಾಕ್ಷಿ ಪಂದಲಿನ, ಅಂದರೆ ಬಳ್ಳಿ ಚಪ್ಪರದ ನೆರಳಲ್ಲಿ. ಮನೆಯಲ್ಲಿ ಆಡುವುದು ಕನ್ನಡ, ಬೀದಿಯಲ್ಲಿ ತಮಿಳು. ಓದು ಬರಹದ ಕನ್ನಡ ಕಲಿತದ್ದು ಮೂವತ್ತರ ಹತ್ತಿರ, ದಾವಣಗೆರೆಯಲ್ಲಿ ಕೆಲಸಕ್ಕಿದ್ದಾಗ. ಸೈಟಿನ ಮೇಸ್ತ್ರಿಯೊಬ್ಬರು ಖಾಲಿ ಸಿಮೆಂಟ್ ಚೀಲದ ಮೇಲೆ ಇದ್ದಿಲಲ್ಲಿ ಅಕ್ಷರ ಬರೆದು ತಿದ್ದಿಸಿದರು. ಹಾಗಾಗಿ ನನ್ನ ಅಕ್ಷರ ಇವತ್ತಿಗೂ ದೊಡ್ಡದು, ದಪ್ಪದು.

ಕೆಲವು ವರ್ಷಗಳಿಂದ ಚೆನ್ನೈನ ಒಂದು ಕಂಪನಿಯ ಮೂಲಕ ಮನೆಯಲ್ಲೇ ಕುಳಿತು ನಾರ್ವೆಯ ಸೇತುವೆಗಳಿಗೆ ನಕ್ಷೆ ಬರೆದುಕೊಡುತ್ತಿದ್ದೇನೆ. ಆ ದೇಶದ ಉತ್ತರದ ತುದಿಯಲ್ಲಿ ಫಿನ್‌ಮಾರ್ಕ್ ಎಂಬ ಸೀಮೆಯಿದೆ. ಅಲ್ಲಿನ ಹೆದ್ದಾರಿಯನ್ನು ಅಗಲ ಮಾಡಿ ಹಳೆಯ ಸೇತುವೆಗಳನ್ನು ಬದಲಿಸುವ ಯೋಜನೆಯಲ್ಲಿ ಒಂದು ಸೇತುವೆ ನನ್ನ ಪಾಲಿಗೆ ಬಂತು. ಹೊಳೆಯನ್ನು ಕಣ್ಣಲ್ಲಿ ನೋಡದೆ, ಉಪಗ್ರಹದ ಚಿತ್ರ ನೋಡಿಕೊಂಡೇ ಬರೆದೆ. ಚೆನ್ನಾಗಿಯೇ ಬರೆದೆ ಎಂಬ ಹೆಮ್ಮೆಯೂ ಇತ್ತು. ಸ್ಥಳೀಯ ಸಭೆಯ ಮುಂದೆ ಯೋಜನೆ ಇಡುವ ಮೊದಲು ಒಮ್ಮೆ ಬಂದು ಜಾಗ ನೋಡಿ ಎಂದು ಅವರೇ ಕರೆಸಿಕೊಂಡರು. ಐವತ್ತೆರಡನೆಯ ವಯಸ್ಸಿಗೆ ನನಗೆ ಮೊದಲ ಉಣ್ಣೆ ಟೋಪಿ ಬಂತು.

ಆಲ್ಟಾ ಬಿಟ್ಟ ಮೇಲೆ

ಆಲ್ಟಾ ಎಂಬ ಊರಿನಲ್ಲಿ ವಿಮಾನ ಇಳಿದಾಗ ಸೆಪ್ಟೆಂಬರ್ ಮೊದಲ ವಾರ. ಕರೆದೊಯ್ಯಲು ಬಂದವಳು ಇಂಗ್ರಿಡ್, ಸರ್ವೆ ಕೆಲಸದ ಎಂಜಿನಿಯರ್, ನನ್ನ ಅರ್ಧ ವಯಸ್ಸಿನವಳು. ಎರಡು ಗಂಟೆಯ ದಾರಿ. ಅವಳು ತಾನಾಗಿ ಆಡಿದ್ದು ನಾಲ್ಕು ಮಾತು, ಅದರಲ್ಲಿ ಎರಡು ಸೀಟ್ ಬೆಲ್ಟಿನ ವಿಷಯ. ನಮ್ಮ ಕಡೆ ಬೋಡಿಯಿಂದ ಘಾಟಿ ಹತ್ತುವ ಏಲಕ್ಕಿ ತೋಟದ ಜೀಪಿನಲ್ಲಿ ಕುಳಿತರೆ, ಮೇಲೆ ಮುಟ್ಟುವಷ್ಟರಲ್ಲಿ ಪಕ್ಕದವಳ ಮೈದುನನ ಜಾತಕವೂ ಗೊತ್ತಾಗಿರುತ್ತದೆ. ನಾನು ಸುಮ್ಮನಿರುವ ಜಾತಿಯಲ್ಲ. ವಯಸ್ಸೆಷ್ಟು, ಸಂಬಳವೆಷ್ಟು, ಮದುವೆ ಯಾವಾಗ ಎಂದು ಒಂದೊಂದಾಗಿ ಕೇಳಿದೆ. ಅವಳು ಮೊದಲನೆಯದಕ್ಕೆ ಉತ್ತರಿಸಿ ಉಳಿದದ್ದಕ್ಕೆ ನಕ್ಕಳು.

ರಸ್ತೆಯ ಎರಡೂ ಅಂಚಿಗೆ ಆಳೆತ್ತರಕ್ಕಿಂತ ಎತ್ತರದ ಕಡ್ಡಿಗಳನ್ನು ಒಂದೇ ಅಂತರದಲ್ಲಿ ನೆಟ್ಟಿದ್ದರು. ಇಷ್ಟು ದೂರದವರೆಗೆ ಸರ್ವೆ ಗುರುತು ಹಾಕಿದ್ದೀರಲ್ಲ, ಎಂಥ ಶಿಸ್ತು ಎಂದು ಮನಸಾರೆ ಹೊಗಳಿದೆ. ಅದು ಸರ್ವೆಯದಲ್ಲ, ಚಳಿಗಾಲದಲ್ಲಿ ಹಿಮದಡಿ ರಸ್ತೆ ಎಲ್ಲಿದೆ ಎಂದು ತಿಳಿಯಲು ಎಂದಳು ಇಂಗ್ರಿಡ್. ರಸ್ತೆ ಕಳೆದುಹೋಗುವ ದೇಶಕ್ಕೆ ಸೇತುವೆ ಬರೆದಿದ್ದೇನೆ ಎಂದು ಆಗ ಹೊಳೆಯಿತು.

ಮನೆಗಳಿಲ್ಲ, ಅಂಗಡಿಯಿಲ್ಲ, ಟೀ ಕುಡಿಯಲು ನಿಲ್ಲಿಸುವಂಥ ಒಂದು ಮರದಡಿಯೂ ಇಲ್ಲ. ಮರಗಳೇ ನಮ್ಮ ದ್ರಾಕ್ಷಿ ಪಂದಲಿನಷ್ಟು ಎತ್ತರಕ್ಕೆ ಬೆಳೆದು ಸಾಕು ಎಂದು ನಿಂತುಬಿಟ್ಟಿವೆ. ಎಲೆಯೆಲ್ಲ ಹಳದಿ. ನಡುವೆ ಒಂದು ಹಿಮಸಾರಂಗ ರಸ್ತೆಗೆ ಬಂದು ನಿಂತಿತು. ಹಾರ್ನ್ ಮಾಡು ಎಂದೆ. ಇಂಗ್ರಿಡ್ ಎಂಜಿನ್ನನ್ನೇ ಆರಿಸಿ ಕೈಕಟ್ಟಿ ಕುಳಿತಳು. ಅದು ನಮ್ಮನ್ನು ಸಾಕಷ್ಟು ನೋಡಿ ಮುಗಿಸಿ ದಾರಿ ಬಿಟ್ಟಿತು.

ನನ್ನ ಸೇತುವೆಯ ಜಾಗಕ್ಕೆ ಮುಟ್ಟಿದಾಗ ಮಧ್ಯಾಹ್ನ. ಈಗಿರುವುದು ಒಂದು ಲಾರಿ ಮಾತ್ರ ಹಿಡಿಸುವ ಹಳೆಯ ಕಬ್ಬಿಣದ ಸೇತುವೆ. ಅದು ಹೋಗಲೇಬೇಕು, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ನಕ್ಷೆ ಹಿಡಿದು ಕೆಳಗಿಳಿದೆ. ಉತ್ತರದ ದಡದಲ್ಲಿ ಸೇತುವೆಯ ಅಡಿ, ನೀರಿನ ಪಕ್ಕದಲ್ಲಿ ಒಣಗಿದ ಅಗಲವಾದ ಜಾಗವಿತ್ತು. ಕಾಲುಗಳು ತುಳಿದು ತುಳಿದು ನೆಲ ಗಟ್ಟಿಯಾಗಿತ್ತು. ಕಲ್ಲಿನ ಸಂದಿನಲ್ಲಿ ಬಿಳಿ ಕೂದಲು, ಅಲ್ಲಲ್ಲಿ ಒಣಗಿದ ಹಿಕ್ಕೆ. ದಿಂಡಿಗಲ್‌ನ ನನ್ನ ಕಂಪ್ಯೂಟರಿನಲ್ಲಿ ಅದು ಬೂದು ಬಣ್ಣದ ಖಾಲಿ ಜಾಗವಾಗಿತ್ತು. ಖರ್ಚು ಉಳಿಯಲಿ ಎಂದು ಹೊಸ ಸೇತುವೆಯನ್ನು ಗಿಡ್ಡ ಮಾಡಿ, ಆ ಜಾಗದ ಮೇಲೆ ನೀರಿನ ಅಂಚಿಗೇ ಕಾಂಕ್ರೀಟ್ ಗೋಡೆ ನಿಲ್ಲಿಸಿದ್ದೆ.

ಇದು ಯಾರ ದಾರಿ ಎಂದು ಕೇಳಿದೆ. ಮಾರಿತ್ ಎಂಬ ಹೆಂಗಸಿನ ಹಿಮಸಾರಂಗಗಳದು ಎಂದಳು ಇಂಗ್ರಿಡ್. ಅವರು ಸಾಮಿ ಜನ, ತಲೆತಲಾಂತರದಿಂದ ಹಿಮಸಾರಂಗ ಸಾಕುವವರು. ಏಪ್ರಿಲ್ ಕೊನೆಗೆ ಬಸುರಿ ಹೆಣ್ಣುಗಳನ್ನು ಮುಂದಿಟ್ಟುಕೊಂಡು ಮಂದೆ ಕಡಲ ಕಡೆಗೆ ಹೊರಡುತ್ತದೆ. ಹೊಳೆಯ ಓಟ ಇಲ್ಲಿ ಜೋರು, ಮೇಲಿನ ಹಿಮಗಡ್ಡೆಯನ್ನು ಆ ಹೊತ್ತಿಗೆ ನಂಬುವಂತಿಲ್ಲ. ಅದಕ್ಕೆ ದಡ ಹಿಡಿದು ಸೇತುವೆಯ ಅಡಿಯಲ್ಲಿ ದಾಟುತ್ತವೆ. ಗೋಡೆ ಬಂದರೆ ಅವು ಹೆದ್ದಾರಿಗೆ ಹತ್ತಬೇಕು, ಮೀನಿನ ಲಾರಿಗಳು ಓಡುವ ಹೆದ್ದಾರಿಗೆ. ಶುಕ್ರವಾರ ಯೋಜನೆ ಸಭೆಗೆ ಹೋಗುತ್ತದೆ, ಆಮೇಲೆ ಗೋಡೆಯನ್ನು ಅಲುಗಾಡಿಸುವುದು ಕಷ್ಟ. ಅವತ್ತು ಸೋಮವಾರ.

ನನಗೆ ಹೆದರಿಕೆಯಾಗಲಿಲ್ಲ, ನಾಚಿಕೆಯಾಯಿತು. ಆದರೆ ಬರೆದವಳೇ ಬಂದಿದ್ದೇನಲ್ಲ, ಅಳಿಸಿ ಬರೆದರಾಯಿತು ಎಂದುಕೊಂಡೆ. ಮಾರಿತ್ ಅವರನ್ನು ಕರೆಸಿ, ಅವರಿಗೆ ಬೇಕಾದ ಅಳತೆ ಕೇಳಿ, ನಕ್ಷೆ ತಿದ್ದಿ, ಬುಧವಾರಕ್ಕೆ ಕೆಲಸ ಮುಗಿಸಿ, ಗುರುವಾರ ಕಡಲು ನೋಡಲು ಹೋಗುವುದು ಎಂದು ಲೆಕ್ಕ ಹಾಕಿದೆ.

ಕಾಫಿ ಮೇಜು

ಮಂಗಳವಾರ ಬೆಳಿಗ್ಗೆ ಊರಿನ ಸಭಾಮನೆಯಲ್ಲಿ ಭೇಟಿ. ಮಾರಿತ್ ಅವರಿಗೆ ಅರವತ್ತು ದಾಟಿರಬೇಕು. ಗಿಡ್ಡ ಆಳು, ಗಟ್ಟಿ ಕೈ. ಬಂದವರೇ ಬೂಟು ಕಳಚಿ ಬಾಗಿಲ ಬಳಿ ಸಾಲಾಗಿಟ್ಟರು. ಸೊಂಟದ ಚೂರಿ ತೆಗೆದು ಒಣಗಿಸಿದ ಮಾಂಸವನ್ನು ತೆಳ್ಳಗೆ ಹೆರೆದು ಕಾಫಿಯೊಳಗೆ ಹಾಕಿ ನನ್ನ ಮುಂದಿಟ್ಟರು. ಕಾಫಿಗೆ ಸಕ್ಕರೆ ಕಡಿಮೆಯಾದರೂ ಮುಖ ಕಿವುಚುವವಳು ನಾನು. ಕುಡಿದೆ. ಉಪ್ಪುಪ್ಪಾಗಿ, ಹೊಗೆಯ ವಾಸನೆಯೊಂದಿಗೆ ಚೆನ್ನಾಗಿಯೇ ಇತ್ತು. ಇನ್ನೊಂದು ಲೋಟ ಕೇಳಿ ಪಡೆದೆ. ಅವರ ಮುಖ ಸಡಿಲವಾಯಿತು.

ನನ್ನ ಮುಂದೆ ಯೋಜನೆಯ ಒಂದು ನಮೂನೆ ಇತ್ತು. ಪ್ರಾಣಿ ದಾಟುವ ದಾರಿಗೆ ಅಗಲ ಎಷ್ಟಿರಬೇಕು ಎಂದು ನಿರ್ಧರಿಸುವ ಮೊದಲು, ದಾಟುವ ಪ್ರಾಣಿಗಳ ಸಂಖ್ಯೆ ಎಂಬ ಚೌಕ. ನಮ್ಮ ಕಣಿವೆಯಲ್ಲಿ ಎಷ್ಟು ಎಂದು ಕೇಳುವುದೇ ಮರ್ಯಾದೆ. ಎಷ್ಟು ಎಕರೆ, ಎಷ್ಟು ಪಂದಲು, ಬಾವಿಗೆ ಎಷ್ಟು ಮೋಟರು, ಕೊಟ್ಟಿಗೆಯಲ್ಲಿ ಎಷ್ಟು ದನ ಎಂದು ಕೇಳದೆ ಎದ್ದು ಹೋದ ನೆಂಟನನ್ನು ನಾವು ಗರ್ವಿ ಎನ್ನುತ್ತೇವೆ. ಹಾಗಾಗಿ ನಾನು ಪೆನ್ನು ತೆರೆದು, ನಗುನಗುತ್ತಾ, ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದೆ.

"ನಿಮ್ಮದು ಒಟ್ಟು ಎಷ್ಟು ಹಿಮಸಾರಂಗ?"

ಇಂಗ್ರಿಡ್ ಕೈಯ ಚಮಚ ನಿಂತಿತು. ಮಾರಿತ್ ನನ್ನನ್ನು ನೋಡಿದರು, ಆಮೇಲೆ ಕಿಟಕಿಯನ್ನು ನೋಡಿದರು. ಕೇಳಿಸಲಿಲ್ಲವೇನೋ ಎಂದು ನಾನು ಇನ್ನೂ ಗಟ್ಟಿಯಾಗಿ, ಸುಮಾರಾಗಿ ಹೇಳಿದರೂ ಸಾಕು ಎಂದೆ. ಅವರು ಚೂರಿಯನ್ನು ಒರೆಸಿ ಒರೆಗೆ ಸೇರಿಸಿ, ಬೂಟು ಹಾಕಿಕೊಂಡು, ಬಾಗಿಲನ್ನು ಮೆಲ್ಲಗೆ ಮುಚ್ಚಿ ಹೊರಟುಹೋದರು.

ಕಾರಿನಲ್ಲಿ ಇಂಗ್ರಿಡ್ ಬಿಡಿಸಿ ಹೇಳಿದಳು. ಇಲ್ಲಿ ಆ ಒಂದು ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳುವುದಿಲ್ಲ. ಅದು ಬ್ಯಾಂಕಿನ ಪುಸ್ತಕ ತೋರಿಸು ಎಂದಷ್ಟು ಕೆಟ್ಟದ್ದು. ಅಕ್ಕಪಕ್ಕದವರಿಗೂ ಗೊತ್ತಿರುವುದಿಲ್ಲ, ಕೇಳಿದವರು ಕಳ್ಳರು ಇಲ್ಲವೇ ಸರ್ಕಾರದವರು. ಮೊದಲೇ ಹೇಳಬಾರದಿತ್ತೇ ಎಂದು ರೇಗಿದೆ. ನೀವು ಕೇಳುತ್ತೀರಿ ಎಂದು ನನಗೆ ಹೇಗೆ ಗೊತ್ತು ಎಂದಳು. ನನ್ನ ಸಂಬಳ ಕೇಳಿದಾಗಲೇ ಊಹಿಸಬೇಕಿತ್ತು ಎಂದೂ ಸೇರಿಸಿದಳು.

ಮಾರಿತ್ ಹೇಳದಿದ್ದರೆ ಚೌಕ ಖಾಲಿ. ಚೌಕ ಖಾಲಿಯಾದರೆ ಬೇಡಿಕೆ ಇಲ್ಲವೆಂದು ಅರ್ಥ, ಗೋಡೆ ಇದ್ದಲ್ಲೇ ಉಳಿಯುತ್ತದೆ. ಅವರ ದಾರಿಯನ್ನು ದಿಂಡಿಗಲ್‌ನಲ್ಲಿ ಕುಳಿತು ಒಮ್ಮೆ ಮುಚ್ಚಿದ್ದೆ, ಈಗ ಎದುರಿಗೇ ಕುಳಿತು ಇನ್ನೊಮ್ಮೆ ಮುಚ್ಚಿದ್ದೆ.

ಸಂಜೆ ಊರಿಗೆ ಫೋನ್ ಮಾಡಿದೆ. ಅಣ್ಣ ಕಾಮಯಗೌಂಡನ್‌ಪಟ್ಟಿಯಲ್ಲಿ ದ್ರಾಕ್ಷಿ ವ್ಯಾಪಾರಿ. ಅವನಿಗೆ ಹಿಮಸಾರಂಗ ಸಾಕುವವರ ವಿಷಯವನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, "ಸೆರಿ ರಾಜಿ, ಆವಮ್ಮನ್ಕಿಟ್ಟೆ ಎಸ್ಟು ಉರುಪ್ಪಡಿ ಅದೆ?" ಎಂದ. ಆಯಮ್ಮನ ಹತ್ತಿರ ಎಷ್ಟು ತಲೆ ಎಂದು ಈ ರಾಜಿಗೆ ಅವನ ಪ್ರಶ್ನೆ. ಫೋನ್ ಇಟ್ಟೆ. ತಪ್ಪು ನನ್ನೊಬ್ಬಳದಲ್ಲ, ಇಡೀ ಕಣಿವೆಯದು ಎಂದು ಸ್ವಲ್ಪ ಸಮಾಧಾನವಾಯಿತು.

ಮಾರಿತ್ ಅವರ ಮನೆ

ಬುಧವಾರ ಬೆಳಿಗ್ಗೆ ಒಬ್ಬಳೇ ನಡೆದು ಹೋದೆ. ಬಾಗಿಲು ತಟ್ಟುವ ಮುಂಚೆಯೇ ತೆರೆಯಿತು. ಕಿಟಕಿಯಿಂದ ನಾನು ಬರುವುದನ್ನು ನೋಡುತ್ತಿದ್ದರಂತೆ. ಒಳಗೆ ಬರಲು ಹೇಳಲಿಲ್ಲ, ಹೋಗಲೂ ಹೇಳಲಿಲ್ಲ. ನಾನು ಬೂಟು ಕಳಚಿ ಸಾಲಾಗಿಟ್ಟು ಒಳಗೆ ಹೋದೆ.

ಕ್ಷಮೆ ಕೇಳುವುದರಲ್ಲಿ ನನಗೆ ಅಭ್ಯಾಸ ಕಡಿಮೆ, ಆದರೆ ಕೇಳಿದರೆ ಪೂರ್ತಿ ಕೇಳುತ್ತೇನೆ. ಗೋಡೆ ಬರೆದವಳು ನಾನೇ ಎಂದೂ ಹೇಳಿದೆ. ಆ ಮಾತಿಗೆ ಅವರು ತಲೆಯೆತ್ತಿದರು. ಮಾತು ಮುಂದುವರಿಸಲು ನಮ್ಮ ಕಂಬಂನ ದೇವರ ದನಗಳ ವಿಷಯ ಹೇಳಿದೆ. ನಮ್ಮವರು ಹರಕೆ ಹೊತ್ತು ದೇವರಿಗೆ ಕರು ಬಿಡುತ್ತಾರೆ, ಆ ಮಂದೆ ಯಾರ ಮನೆಯದೂ ಅಲ್ಲ, ಅದರ ಹಾಲನ್ನು ಮನೆಗೆ ಕರೆದುಕೊಳ್ಳುವುದಿಲ್ಲ, ಅದು ಬೀದಿಯಲ್ಲಿ ಬಂದರೆ ಬಸ್ಸೂ ನಿಲ್ಲುತ್ತದೆ ಎಂದೆ. ಮುಂದೆ ನಡೆಯುವ ಹೋರಿ ಇದೆಯೇ ಎಂದು ಕೇಳಿದರು. ಇದೆ, ಅದಕ್ಕೆ ರಾಜಮರ್ಯಾದೆ ಎಂದೆ. ಅವರು ಒಲೆಗೆ ಕಾಫಿ ಪಾತ್ರೆ ಇಟ್ಟರು.

ಗಾಳಿ ನನ್ನ ಕಡೆ ತಿರುಗಿತು ಎಂದು ಅನಿಸಿದ್ದೇ ತಡ, ರಾತ್ರಿಯೆಲ್ಲ ಯೋಚಿಸಿಟ್ಟ ಜಾಣತನ ಹೊರತೆಗೆದೆ. ಬೋಡಿ ರಸ್ತೆಗೆ ಕುರಿಮಂದೆ ಅಡ್ಡ ಬಂದರೆ ಜೀಪಿನ ಡ್ರೈವರ್ ಕುರಿ ಎಣಿಸುವುದಿಲ್ಲ, ಒಂದು ಟೀ ಹೊತ್ತು, ಎರಡು ಟೀ ಹೊತ್ತು ಎನ್ನುತ್ತಾನೆ. ಹಾಗೆಯೇ, ಸಂಖ್ಯೆ ಬೇಡ, ಸೇತುವೆಯ ಅಡಿ ಮೊದಲನೆಯದು ನುಗ್ಗಿದ್ದರಿಂದ ಕೊನೆಯದು ಹೊರಬರುವವರೆಗೆ ಎಷ್ಟು ಹೊತ್ತಾಗುತ್ತದೆ ಎಂದಷ್ಟೇ ಹೇಳಿ ಎಂದೆ.

ಮಾರಿತ್ ಭುಜ ಕುಲುಕಿಸಿ ನಗಲು ಶುರು ಮಾಡಿದರು.

"ನಿನ್ನೆ ಮುಂಬಾಗಿಲಿಂದ ಬಂದಿರಿ. ಇವತ್ತು ಹಿತ್ತಿಲ ಬಾಗಿಲಿಂದ ಬರ್ತಾ ಇದ್ದೀರಿ" ಎಂದರು.

ನನಗೂ ನಗು ಬಂತು. ಸಿಕ್ಕಿಬಿದ್ದ ಮೇಲೆ ಇನ್ನೇನು ಮಾಡುವುದು. ಕಾಫಿ ಮುಗಿಯುವವರೆಗೆ ಅವರು ಸೇತುವೆಯ ಮಾತೆತ್ತಲಿಲ್ಲ. ದ್ರಾಕ್ಷಿ ಪಂದಲು ಎಂದರೇನು ಎಂದು ಕೇಳಿ, ಬಳ್ಳಿಗೆ ಚಪ್ಪರ ಹಾಕುವುದನ್ನು ನನ್ನಿಂದ ಕಾಗದದ ಮೇಲೆ ಬರೆಸಿದರು. ಬಾಗಿಲವರೆಗೆ ಬಂದು, ನಾಳೆ ಬೆಳಿಗ್ಗೆ ಹೊಳೆಯ ಹತ್ತಿರ ಬನ್ನಿ, ಈ ಬೂಟು ಸಾಲದು, ಎತ್ತರದ್ದು ಹಾಕಿಕೊಂಡು ಬನ್ನಿ ಎಂದರು.

ಸೇತುವೆಯ ಕೆಳಗೆ

ಗುರುವಾರ ನಾನೂ ಇಂಗ್ರಿಡ್ಡೂ ಹೋಗುವಷ್ಟರಲ್ಲಿ ಮಾರಿತ್ ಅಲ್ಲಿದ್ದರು. ಒಂದು ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಕೊರಳಗಂಟೆ ಕಟ್ಟಿದ ಒಂದು ಹಿಮಸಾರಂಗ. ಮಂದೆಯ ಮುಂದೆ ನಡೆಯಲು ಪಳಗಿಸಿದ ಪ್ರಾಣಿಯಂತೆ, ಅದನ್ನು ಮನೆಯ ಬಳಿಯೇ ಸಾಕಿಕೊಂಡಿದ್ದರು. ಇನ್ನೊಂದು ಕೈಯಲ್ಲಿ ದೊಡ್ಡ ನೀಲಿ ಟಾರ್ಪಾಲು ಮತ್ತು ಎರಡು ಗಳ.

ಮೊದಲು ಅದನ್ನು ಸೇತುವೆಯ ಅಡಿಯಲ್ಲಿ ನಡೆಸಿದರು. ಕಿವಿಯನ್ನೂ ಅಲ್ಲಾಡಿಸದೆ ಹೋಗಿ ಬಂತು. ಆಮೇಲೆ ನನ್ನ ನಕ್ಷೆ ಕೇಳಿದರು. ನಿಮ್ಮ ಗೋಡೆ ಎಲ್ಲಿ ಬರುತ್ತದೆ ಎಂದರು. ನಾನು ನೀರಿನ ಅಂಚಿನಲ್ಲಿ ಕಾಲಿಂದ ಗೆರೆ ಎಳೆದೆ. ಅಲ್ಲಿ ಟಾರ್ಪಾಲು ಹಿಡಿದು ನಿಲ್ಲಿ ಎಂದರು. ಒಂದು ಗಳ ನನಗೆ, ಇನ್ನೊಂದು ಇಂಗ್ರಿಡ್‌ಗೆ. ನಾನೇ ಬರೆದ ಗೋಡೆಗೆ ನಾನೇ ಗೋಡೆಯಾಗಿ ಮೊಣಕಾಲು ನೀರಲ್ಲಿ ನಿಂತೆ. ಮೂವತ್ತು ವರ್ಷದ ಕೆಲಸದಲ್ಲಿ ಯಾವ ಗುತ್ತಿಗೆದಾರನೂ ನನ್ನನ್ನು ಹೀಗೆ ನಿಲ್ಲಿಸಿರಲಿಲ್ಲ.

ದಾರಿಯೆಂದು ಉಳಿದದ್ದು ಅಂಚಿನ ಕಲ್ಲುಗಳು ಮಾತ್ರ. ಪ್ರಾಣಿ ಬಂತು, ನೋಡಿತು, ನಿಂತಿತು. ಮಾರಿತ್ ಎಳೆಯಲಿಲ್ಲ, ಹೊಡೆಯಲಿಲ್ಲ. ಹಗ್ಗ ಸಡಿಲ ಬಿಟ್ಟು ಕಾದರು. ಅದು ಮುಖ ತಿರುಗಿಸಿ ಹೆದ್ದಾರಿಯ ಏರಿಯನ್ನು ನೋಡಿತು. ಮೇಲೆ ಒಂದು ಲಾರಿ ಹೋಯಿತು.

ಒಂದು ಹೆಜ್ಜೆ ಹಿಂದೆ ಎಂದರು ಮಾರಿತ್. ನಾವು ಗಳ ಕಿತ್ತು ಒಂದು ಹೆಜ್ಜೆ ದಡದ ಕಡೆಗೆ ಸರಿದೆವು. ಪ್ರಾಣಿಯನ್ನು ದೂರ ಕೊಂಡುಹೋಗಿ ಮತ್ತೆ ತಂದರು. ನಿಂತಿತು. ಇನ್ನೊಂದು ಹೆಜ್ಜೆ, ಮತ್ತೆ ನಿಂತಿತು. ಆರನೆಯ ಹೆಜ್ಜೆಗೆ ನನ್ನ ಕೈ ಸೋತಿತು. ಒಂಬತ್ತನೆಯದಕ್ಕೆ ಅದು ಮೂಗು ಚಾಚಿ ಒಳಗೆ ಮೂಸಿತು, ಕತ್ತಲೆಂದೋ ಏನೋ ಹಿಂದೆ ಸರಿಯಿತು. ಹನ್ನೆರಡಕ್ಕೆ ಇನ್ನು ಸಾಕು, ಇಷ್ಟು ಅಗಲ ಧಾರಾಳವಾಯಿತು ಎಂದು ನನ್ನೊಳಗಿನ ಎಂಜಿನಿಯರ್ ಗೊಣಗಿದಳು. ಪ್ರಾಣಿ ಒಪ್ಪಲಿಲ್ಲ. ಹದಿನಾಲ್ಕನೆಯ ಹೆಜ್ಜೆಗೆ ಆಚೆ ಬದಿಯ ಆಕಾಶ ನೆಲದವರೆಗೆ ಕಂಡಿತು. ಅದು ನಿಲ್ಲಲೇ ಇಲ್ಲ, ಗಂಟೆ ಆಡಿಸುತ್ತ ನಮ್ಮ ಪಕ್ಕದಲ್ಲೇ ನಡೆದು ಹೋಯಿತು. ಅನುಮಾನಕ್ಕೆ ಜಾಗ ಬೇಡವೆಂದು ಮಾರಿತ್ ಮೂರು ಸಲ ಮಾಡಿಸಿದರು. ಮೂರು ಸಲವೂ ಹೋಯಿತು. ನಾನು ನಿಂತಿದ್ದ ಜಾಗಕ್ಕೆ ಒಂದು ಕಲ್ಲನ್ನು ಉರುಳಿಸಿ ಗುರುತು ಮಾಡಿದರು.

ಒದ್ದೆ ಕಾಲು ಒಣಗಿಸಿಕೊಳ್ಳುತ್ತ ಕುಳಿತಾಗ, ನಮೂನೆಯ ಚೌಕ ಇನ್ನೂ ಖಾಲಿ ಇದೆ, ಏನು ಬರೆಯಲಿ ಎಂದು ಹೇಳಿಕೊಂಡೆ. ಈ ಸಲ ಕೇಳಿದ್ದಲ್ಲ, ನನ್ನ ಕಷ್ಟ ತೋಡಿಕೊಂಡದ್ದು. ಮಾರಿತ್ ಪ್ರಾಣಿಯ ಕತ್ತು ತುರಿಸುತ್ತ ಹೇಳಿದರು:

"ಮೊದಲನೆಯದು ಹೋದರೆ ಎಲ್ಲವೂ ಹೋಗುತ್ತವೆ. ಅದು ನಿಂತರೆ ಒಂದೂ ಹೋಗಲ್ಲ. ನಿಮಗೆ ಲೆಕ್ಕ ಬೇಕೇ ಬೇಕು ಅಂದರೆ ಒಂದು ಅಂತ ಬರೆದುಕೊಳ್ಳಿ."

ಆಲ್ಟಾ, ಶುಕ್ರವಾರ

ಒಂದು ಅಂತಲೇ ಬರೆದೆ. ಗೋಡೆಯನ್ನು ಹದಿನಾಲ್ಕು ಹೆಜ್ಜೆ ಹಿಂದಕ್ಕೆ ತಂದು, ಸೇತುವೆಯನ್ನು ಅಷ್ಟು ಉದ್ದ ಮಾಡಿ, ಅಡಿಯಲ್ಲಿ ಕಾಂಕ್ರೀಟ್ ಬೇಡ, ಇದ್ದ ಮಣ್ಣೇ ಇರಲಿ ಎಂದು ಟಿಪ್ಪಣಿ ಹಾಕಿದೆ.

ಯೋಜನೆಯ ಮುಖ್ಯ ಎಂಜಿನಿಯರ್ ತೆಳ್ಳಗಿನ ಮನುಷ್ಯ, ಓದುವಾಗ ತುಟಿ ಅಲ್ಲಾಡಿಸುತ್ತಿದ್ದರು. ಚೌಕದ ಬಳಿ ತುಟಿ ನಿಂತಿತು. ಒಂದು ಪ್ರಾಣಿಗಾಗಿ ಇಷ್ಟು ಉದ್ದದ ಸೇತುವೆಯೇ ಎಂದು ಕೇಳಿದರು. ಹೌದು ಎಂದೆ. ಟಾರ್ಪಾಲು ಹಿಡಿದು ನಿಂತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿದೆ. ಇಂಗ್ರಿಡ್ ಪ್ರತಿ ಹೆಜ್ಜೆಗೂ ತೆಗೆದಿದ್ದ ಅಳತೆಯನ್ನು ಮುಂದಿಟ್ಟಳು. ಗಳ ಹಿಡಿದುಕೊಂಡೇ ಅವಳು ಯಾವಾಗ ಬರೆದುಕೊಂಡಳೋ ನನಗೆ ಗೊತ್ತಾಗಲಿಲ್ಲ. ಅವರು ಮತ್ತೊಮ್ಮೆ ಕೇಳಿದರು, ನಿಜವಾದ ಸಂಖ್ಯೆ ಕೊಟ್ಟರೆ ಸಭೆಯಲ್ಲಿ ವಾದಿಸಲು ಸುಲಭ, ಅಂದಾಜಾದರೂ ಹೇಳಿ ಎಂದರು. ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಬರೆಯುವುದಿಲ್ಲ ಎಂದೆ. ನಕ್ಷೆ ನನ್ನದು, ಗೋಡೆ ಮುಂದಕ್ಕೆ ಬರುವುದಾದರೆ ನನ್ನ ಸಹಿ ಇರುವುದಿಲ್ಲ ಎಂದೂ ಹೇಳಿದೆ. ನೀರಲ್ಲಿ ನಿಂತು ಕಂಡದ್ದು ಅದು.

ಅವರು ಚೌಕದ ಒಂದನ್ನು ಅಳಿಸದೆ, ಪಕ್ಕದಲ್ಲಿ ಏನೋ ಒಂದು ಸಾಲು ಬರೆದು ಮಡಚಿ ಒಳಗಿಟ್ಟರು. ಮಧ್ಯಾಹ್ನದ ಸಭೆಗೆ ನನ್ನನ್ನು ಬಿಡಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತು ಮೂರು ಕಾಫಿ ಕುಡಿದೆ. ಇಂಗ್ರಿಡ್ ಹೊರಬಂದು, ಉದ್ದದ ಸೇತುವೆಗೇ ಒಪ್ಪಿದರು ಎಂದಳು. ಆಮೇಲೆ ತಾನಾಗಿ ತನ್ನ ಸಂಬಳ ಎಷ್ಟು ಎಂದು ಹೇಳಿದಳು. ನಾನು ಕೇಳಿರಲಿಲ್ಲ.

ಕಾಮಯಗೌಂಡನ್‌ಪಟ್ಟಿ

ಏಪ್ರಿಲ್ ಕೊನೆಗೆ ಅಣ್ಣನ ಮನೆಯಲ್ಲಿದ್ದೆ. ಬಿಸಿಲಿಗೆ ಹೆದರಿ ಇಬ್ಬರೂ ಪಂದಲಿನ ಅಡಿ ಮಂಚ ಹಾಕಿಕೊಂಡು ಕುಳಿತಿದ್ದೆವು. ಫೋನಿಗೆ ಒಂದು ವಿಡಿಯೊ ಬಂತು. ಮಾರಿತ್ ಕಳಿಸಿದ್ದು, ಜೊತೆಗೆ ಒಂದು ಅಕ್ಷರವೂ ಇಲ್ಲ.

ಹೊಸ ಸೇತುವೆ ಇನ್ನೂ ಶುರುವಾಗಿಲ್ಲ. ಹಳೆಯದರ ಅಡಿಯಲ್ಲಿ, ದಡದ ಹಿಮದ ಮೇಲೆ ಮಂದೆ ಬರುತ್ತಿತ್ತು. ಮುಂದೆ ಗಂಟೆಯ ಪ್ರಾಣಿ, ಅದರ ಹಿಂದೆ ಹೊಟ್ಟೆ ತುಂಬಿದ ಹೆಣ್ಣುಗಳು. ಅವು ನಡೆದರೆ ಕಾಲಿನೊಳಗಿನ ನರ ಚಟ್ ಚಟ್ ಎನ್ನುತ್ತದೆ, ಅಷ್ಟೂ ಕಾಲುಗಳ ಸದ್ದು ಸೇರಿ ಒಲೆಯಲ್ಲಿ ಸೌದೆ ಸಿಡಿದಂತೆ ಕೇಳುತ್ತಿತ್ತು. ಉರುಳಿಸಿಟ್ಟ ಕಲ್ಲಿನ ಪಕ್ಕದಲ್ಲಿ ಒಂದೊಂದೇ ದಾಟುತ್ತಿದ್ದವು. ಕ್ಯಾಮರಾ ಅಲುಗಾಡಲಿಲ್ಲ, ನಡುವೆ ಎಲ್ಲೂ ನಿಲ್ಲಲಿಲ್ಲ. ಮೊದಲನೆಯದು ನುಗ್ಗುವ ಮುಂಚೆ ಹಿಡಿದದ್ದನ್ನು ಅವರು ಕೊನೆಯದು ಹೊರಬರುವವರೆಗೂ ಹಿಡಿದಿದ್ದಾರೆ ಎಂದು ವಿಡಿಯೊದ ಉದ್ದ ನೋಡಿ ನನಗೆ ತಿಳಿಯಿತು. ಅಷ್ಟು ಹೊತ್ತಿಗೆ ನನ್ನ ಬೆರಳು ತಾನಾಗಿ ಎದ್ದು ಎಣಿಸುತ್ತ ಹದಿನೇಳಕ್ಕೆ ಬಂದಿತ್ತು.

ಫೋನನ್ನು ಮಗುಚಿ ಮಂಚದ ಮೇಲಿಟ್ಟೆ. ಸದ್ದು ಮಾತ್ರ ಬರುತ್ತಿತ್ತು. ನಿಲ್ಲುವವರೆಗೆ ಇಬ್ಬರೂ ಕೇಳುತ್ತ ಕುಳಿತೆವು.

"ಎಸ್ಟು ಅದೆ ರಾಜಿ?" ಎಂದ ಅಣ್ಣ.

"ನಾನು ಎಣ್ಸ್ಲಿಲ್ಲ ಅಣ್ಣಾ" ಎಂದೆ.